ಕಟ್ಟುವಷ್ಟು ವರ್ಷ

ಬಸ್ಸು ನಿಂತಿತು. ಒಳಗಿದ್ದವರೆಲ್ಲ ಒಂದೇ ಬಾರಿಗೆ ಉಸ್ಸೆಂದರು. ಅವನೊಬ್ಬನಿಗೆ ಮಾತ್ರ ಹಾಯೆನಿಸಿತು. ಎರಡು ಹೆದ್ದಾರಿಗಳು ಕೂಡುವ ಆ ಜಾಗದಲ್ಲಿ ಬಸ್ಸು ನಿಲ್ಲುವುದು ಹೊತ್ತು ಹುಟ್ಟುವಷ್ಟೇ ಖಾತ್ರಿಯಾಗಿದ್ದರೂ ಪ್ರತಿ ಬೆಳಿಗ್ಗೆ ಅಲ್ಲಿಗೆ ಬರುವಷ್ಟರಲ್ಲಿ ಅವನಿಗೊಂದು ಅಳುಕು ಹುಟ್ಟಿಕೊಳ್ಳುತ್ತಿತ್ತು: ಇವತ್ತೇನಾದರೂ ರಸ್ತೆ ಖಾಲಿಯಿದ್ದು ಡ್ರೈವರು ಹಾಗೇ ಹೊಡೆದುಕೊಂಡು ಹೋಗಿಬಿಟ್ಟರೆ? ಒಮ್ಮೆ, ಯಾವುದೋ ರಜೆಯ ಮಾರನೆಯ ದಿನ, ಹಾಗೇ ಆಗಿತ್ತು. ಬಸ್ಸು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಜಾರಿಹೋಗಿ ಆಸ್ಪತ್ರೆಯ ಮುಂದೆ ನಿಂತಾಗ ಪಕ್ಕದಲ್ಲಿ ಕೂತವಳ ಮಾತು ಇನ್ನೂ ಅರ್ಧಕ್ಕೇ ಇತ್ತು. ಅವಳ ಅಮ್ಮ ಚಿಕ್ಕಂದಿನಲ್ಲಿ ಮನೆಯವರ ಕಣ್ಣು ತಪ್ಪಿಸಿ ಬಾವಿಯೊಳಗೆ ಇಣುಕಿ ನೋಡಿದ ಕಥೆ. "ಉಳಿದಿದ್ದು ನಾಳೆ" ಎಂದು ಇಳಿದು ಹೋದಳು. ಮಾರನೆಯ ದಿನ ಅವನು ಕೇಳಿದರೆ, ಯಾವ ಬಾವಿ, ಎಂದು ನಕ್ಕಳು. ಅಮ್ಮನ ಕಥೆಗಳು ಅವಳಿಗೆ ಹಾಗೆ ಬಂದು ಹೀಗೆ ಹೋಗುತ್ತಿದ್ದವು. ಆ ಹುಡುಗಿ ಬಾವಿಯೊಳಗೆ ಏನು ಕಂಡಳೆಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಮುರಿದ ಮೂಳೆಗಳಿಗೆ ಪ್ಲಾಸ್ಟರ್ ಹಾಕುವುದು ಅವಳ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಒಂದು ಎಳೆ ಬಿಳಿ ಉಳಿದೇ ಇರುತ್ತಿತ್ತು, ಕಿತ್ತಳೆಯ ಸಿಪ್ಪೆಗೂ ಅದು ಅಂಟುವುದೇನೋ ಎಂದು ಅವನು ಮೊದಮೊದಲು ನೋಡುತ್ತಿದ್ದ. ಅಂಟುತ್ತಿರಲಿಲ್ಲ. ಒಂದು ತೊಳೆ ಅವನಿಗೆ, ಒಂದು ತನಗೆ. ನಲವತ್ತು ದಾಟಿದವಳು, ಐವತ್ತು ದಾಟಿದವನು. ಬಸ್ಸಿನಲ್ಲಿ ಅವರನ್ನು ಯಾರಾದರೂ ಗಮನಿಸಿದ್ದರೆ ಯಾವುದೋ ಕಾಲದಲ್ಲಿ ಮದುವೆಯಾಗಿ ಈಗ ಜಗಳವಾಡುವ ಉಮೇದೂ ಇಲ್ಲದ ಗಂಡ ಹೆಂಡಿರು ಎಂದುಕೊಳ್ಳಬಹುದಿತ್ತು. ಹಾಗೆ ಯಾರಾದರೂ ಅಂದುಕೊಳ್ಳಲಿ ಎಂದು ಅವನು ಆಸೆಪಟ್ಟದ್ದೂ ಉಂಟು. ಅವನು ಹತ್ತುವ ಸ್ಟಾಪು ಮೊದಲು, ಅವಳದು ಆಮೇಲೆ. ಅಷ್ಟರ ತನಕ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು, ನಿಂತವರ ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡುತ್ತ ಕೂರುವ ನಾಚಿಕೆಗೇಡು ಕೆಲಸವನ್ನು ಅವನು ಮೂರು ವರ್ಷದಿಂದ ತಪ್ಪದೆ ಮಾಡಿಕೊಂಡು ಬಂದಿದ್ದ. ಒಬ್ಬ ಮುದುಕ ಒಮ್ಮೆ, "ಬ್ಯಾಗಿಗೂ ಟಿಕೆಟ್ ತಗೊಂಡಿದೀರಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ್ದ. ಆಗ ಬ್ಯಾಗು ತೊಡೆಯ ಮೇಲೆ ಬಂತು, ಅವಳು ಅವತ್ತು ಹಿಂದೆ ಎಲ್ಲೋ ನಿಂತುಕೊಂಡು ಹೋದಳು. ಆ ಮುದುಕನ ಮೇಲೆ ಅವನಿಗೆ ವಾರಗಟ್ಟಲೆ ಸಿಟ್ಟಿತ್ತು.

"ಇವತ್ತೇ ತಾನೇ ನಿಮ್ಮ ಮೀಟಿಂಗು?" ಎಂದಳು.

"ಹೂಂ. ಹನ್ನೊಂದಕ್ಕೆ."

"ಅಮ್ಮ ಬೆಳಿಗ್ಗೆಯಿಂದ ಅದೇ ಕೇಳ್ತಿದಾಳೆ. ಅದೇನೋ ಇವತ್ತೇ ಬೀಗದ ಕೈ ಕೊಡ್ತಾರೆ ಅನ್ನೋ ಥರ. ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸ್ಬೇಡ ಅಂತ ಬೈದೆ. ಬೈದೆ, ಆಮೇಲೆ ನಾನೇ ಯೋಚನೆ ಮಾಡ್ತಾ ಕೂತೆ, ಅಡುಗೆಮನೆ ಕಿಟಕಿ ಯಾವ ಕಡೆಗೆ ಇರುತ್ತೋ ಅಂತ."

ಅವನು ನಗಲು ನೋಡಿದ. ಅಡುಗೆಮನೆಯ ಕಿಟಕಿ ಪೂರ್ವಕ್ಕೆ. ಅದು ಅವನಿಗೆ ಗೊತ್ತಿತ್ತು, ನಕ್ಷೆ ನೋಡಿದ್ದ. ಆಸ್ಪತ್ರೆಗೆ ತಾಗಿದ ಹಳೆಯ ಗೂಡ್ಸ್ ಶೆಡ್ಡಿನ ಬಯಲಿನಲ್ಲಿ ನಾಲ್ಕಂತಸ್ತಿನ ಮನೆಗಳು, ಅಲ್ಲೇ ದುಡಿಯುವವರಿಗೆ ಮೊದಲ ಹಕ್ಕು, ನಡುವೆ ಮರಗಳು, ತುಕ್ಕು ಹಿಡಿದ ಹಳಿಗಳ ಮೇಲೇ ಮತ್ತೆ ಓಡುವ ಸಣ್ಣ ರೈಲು, ಕೆಲಸಕ್ಕೆ ನಡೆದುಕೊಂಡೇ ಹೋಗುವ ದಾರಿ. ಅದೊಂದು ಯೋಜನೆ. ಇನ್ನೊಂದು, ಈಗ ಬಸ್ಸು ನಿಂತಿರುವ ಈ ಕೂಡುರಸ್ತೆಯ ಮೇಲೆ ಎದ್ದು ನಿಲ್ಲಬೇಕಾದ ಇಂಟರ್‌ಚೇಂಜು: ಒಂದರ ಮೇಲೊಂದು ಸುತ್ತಿಕೊಂಡ ಸೇತುವೆಗಳು, ಯಾವ ಕಡೆಯಿಂದ ಬಂದ ಕಾರೂ ಎಲ್ಲೂ ನಿಲ್ಲದೆ ಯಾವ ಕಡೆಗಾದರೂ ಹೋಗಬಹುದು. ಇರುವುದು ಒಂದೇ ಗಂಟು ಹಣ. ಇಂಟರ್‌ಚೇಂಜು ಕಟ್ಟಿದರೆ ಮನೆಗಳ ಮಾತನ್ನು ಇನ್ನೊಂದು ತಲೆಮಾರು ಎತ್ತುವ ಹಾಗಿಲ್ಲ. ಅದರ ತೀರ್ಮಾನ ಇವತ್ತು. ಅವಳು ಮನೆಗೆ ಅರ್ಜಿ ಹಾಕಿದ ದಿನ ಇದೇ ಸೀಟಿನಲ್ಲಿ ಕೂತು ಹೇಳಿದ್ದಳು: ಸಿಕ್ಕರೆ ಮಧ್ಯಾಹ್ನ ಮನೆಗೆ ಹೋಗಿ ಅಮ್ಮನ ಜತೆ ಊಟ ಮಾಡಬಹುದು, ನೋಡಿ. ಅಷ್ಟೇ ಆಸೆ. ಅವಳ ಅಮ್ಮನಿಗೆ ಮಂಡಿ ಹಿಡಿದುಹೋಗಿದೆ. ಬೆಳಿಗ್ಗೆ ಅವಳು ಬಾಗಿಲು ಎಳೆದುಕೊಂಡು ಬಂದರೆ ಸಂಜೆ ತೆಗೆಯುವ ತನಕ ಆ ಮನೆಯಲ್ಲಿ ಇನ್ನೊಂದು ಮಾತಿಲ್ಲ. ಅವನು ಆಗಲೂ ಹೀಗೇ ನಗಲು ನೋಡಿದ್ದ.

"ನಮ್ಮ ಪರವಾಗಿ ಹೇಳಿ ಅಂತ ನಾನು ಕೇಳ್ತಾ ಇಲ್ಲ, ಸರ್ವೇ ಸಾರ್," ಎಂದಳು ಅವಳು. "ನೀವು ಲೆಕ್ಕ ಮಾಡೋರು. ಸರಿಯಾಗೇ ಮಾಡಿರ್ತೀರಿ."

ಸರ್ವೇ ಸಾರ್ ಎಂಬ ಹೆಸರು ಅವಳು ಇಟ್ಟದ್ದು. ಕಚೇರಿಯಲ್ಲಿ ಅವನಿಗೆ ನಿಮಿಷಪ್ಪ ಎಂಬ ಇನ್ನೊಂದು ಹೆಸರಿತ್ತು, ಅದು ಅವನಿಗೆ ಸೇರುತ್ತಿರಲಿಲ್ಲ. ಯೋಜನಾ ಇಲಾಖೆಯಲ್ಲಿ ಅವನ ಕೆಲಸ ನಿಮಿಷಗಳನ್ನು ಎಣಿಸುವುದು. ಒಂದು ರಸ್ತೆ ಅಗಲವಾದರೆ ಯಾರಿಗೆ ಎಷ್ಟು ನಿಮಿಷ ಉಳಿಯುತ್ತದೆ, ಉಳಿದ ನಿಮಿಷಗಳನ್ನೆಲ್ಲ ಗುಡ್ಡೆ ಹಾಕಿದರೆ ಆ ರಸ್ತೆಗೆ ಸುರಿಯುವ ಹಣಕ್ಕೆ ಸಮನಾಗುತ್ತದೆಯೇ. ಆ ವಿದ್ಯೆಗೆ ಒಂದು ಮೂಲಮಂತ್ರವಿದೆ: ದಾರಿಯಲ್ಲಿ ಕಳೆದ ಹೊತ್ತು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಎಲ್ಲ ನಷ್ಟ. ಹೊರಟ ಜಾಗ ನಿಜ, ಸೇರುವ ಜಾಗ ನಿಜ, ನಡುವಿನದು ಸುಮ್ಮನೆ ಸೋರಿಕೆ. ಇಪ್ಪತ್ತು ವರ್ಷ ಅವನೂ ಅದನ್ನು ನಂಬಿದ್ದ. ಮೂರು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಒಬ್ಬೊಬ್ಬರನ್ನಾಗಿ ಕೇಳುತ್ತ ಬಂದಿದ್ದ: ಈ ಪ್ರಯಾಣದಲ್ಲಿ ಕಾಲು ಗಂಟೆ ಉಳಿದರೆ ಅದನ್ನು ಏನು ಮಾಡುತ್ತೀರಿ? ನಿದ್ದೆ ಮಾಡುತ್ತೇವೆ ಎಂದವರು ಬಹಳ. ಮಕ್ಕಳ ಪಾಠ ನೋಡುತ್ತೇವೆ ಎಂದವರು ಸುಳ್ಳು ಹೇಳುತ್ತಿದ್ದರು. ಅವಳು ಮಾತ್ರ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವು ಏನ್ ಮಾಡ್ತೀರಿ?" ಎಂದಿದ್ದಳು. ಪ್ರಶ್ನೆ ಕೇಳುವವನಿಗೆ ಪ್ರಶ್ನೆ ಬರಬಾರದು, ಅದು ನಿಯಮ. ಅವನು ತಡವರಿಸಿದ. ಮನೆಯಲ್ಲಿ ಅಕ್ಕ, ಅಕ್ಕನ ರೇಡಿಯೋ, ಬಟ್ಟೆ ಒಣಹಾಕುವ ಹಗ್ಗ, ಊಟ, ಮತ್ತೆ ಅಕ್ಕನ ರೇಡಿಯೋ. ಉಳಿದ ಕಾಲು ಗಂಟೆಯನ್ನು ಇಡಲು ಅವನ ಬದುಕಿನಲ್ಲಿ ಒಂದು ಗೂಡೂ ಇರಲಿಲ್ಲ. "ಗೊತ್ತಿಲ್ಲ" ಎಂದ. "ಹಾಗಾದ್ರೆ ನನ್ನದೂ ಅದೇ ಬರ್ಕೊಳ್ಳಿ" ಎಂದು ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಿದ್ದಳು.

ಅಂದಿನಿಂದ ಅವನಿಗೆ ದಿನವೆಂದರೆ ಈ ನಿಂತ ಬಸ್ಸು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಚಲಿಸುವ ಬಸ್ಸಿನಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ, ಸದ್ದಿಗೆ ಕೂಗಬೇಕಾಗುತ್ತದೆಂದು. ಎಂಜಿನ್ನು ಆರಿ, ಮುಂದೆ ಬಣ್ಣಬಣ್ಣದ ತಗಡಿನ ಬೆನ್ನುಗಳು ಸಾಲುಗಟ್ಟಿದಾಗ ಅವಳ ಮಾತು ಶುರುವಾಗುತ್ತಿತ್ತು. ಪ್ಲಾಸ್ಟರು ಒಣಗುವಾಗ ಒಳಗೆ ಬೆಚ್ಚಗಾಗುತ್ತದಂತೆ, ಆಗ ದೊಡ್ಡ ದೊಡ್ಡ ಗಂಡಸರೂ ಹೆದರಿ ಅವಳ ಕೈ ಹಿಡಿಯುತ್ತಾರಂತೆ. "ಏನಾಗಲ್ಲ, ಅದು ಗಟ್ಟಿಯಾಗ್ತಿದೆ ಅಷ್ಟೇ ಅಂತೀನಿ," ಎಂದು ಅವಳು ಹೇಳಿದ ದಿನ ಅವನು ಮನೆಗೆ ಹೋಗಿ ತನ್ನ ಎಡಗೈಯನ್ನೇ ಬಹಳ ಹೊತ್ತು ನೋಡಿಕೊಂಡಿದ್ದ. ಬಿದ್ದು ಮುರಿದುಕೊಳ್ಳಬಹುದಿತ್ತು. ಅಂಥ ಯೋಚನೆ ಬಂದದ್ದಕ್ಕೆ ಅವನಿಗೇ ಅಸಹ್ಯವಾಯಿತು. "ಏನೋ ಅದು, ಕೈಗೆ ಏನಾಯ್ತೋ?" ಎಂದು ಅಕ್ಕ ಕೇಳಿದ್ದಳು. ಮದುವೆಯ ಮಾತನ್ನು ಅಕ್ಕ ಹದಿನೈದು ವರ್ಷದ ಹಿಂದೆಯೇ ಕೈಬಿಟ್ಟಿದ್ದಳು, ಈಗ ಅವನ ಬಗ್ಗೆ ಅವಳಿಗಿರುವ ಚಿಂತೆ ಮಲಬದ್ಧತೆಯೊಂದೇ.

ಬಸ್ಸು ಅಲುಗಿತು, ಆಸ್ಪತ್ರೆ ಬಂತು, ಅವಳು ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದಳು. "ಬರ್ತೀನಿ. ಒಳ್ಳೇದಾಗ್ಲಿ," ಎಂದಳು. ಯಾರಿಗೆ ಒಳ್ಳೆಯದಾಗಲಿ ಎಂದಳೋ. ಕಿಟಕಿಯಿಂದ ಅವಳು ಆಸ್ಪತ್ರೆಯ ಗೇಟು ದಾಟಿ, ಗೂಡ್ಸ್ ಶೆಡ್ಡಿನ ಬಯಲಿನ ಮುರುಕು ಗೋಡೆಯ ಮುಂದೆ ಒಂದು ಗಳಿಗೆ ನಿಂತು ಒಳಗೆ ನೋಡಿ ಹೋಗುವುದು ಕಂಡಿತು. ಹಾಗೆ ನಿಂತು ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಕಚೇರಿಯ ಮೆಟ್ಟಿಲು ಹತ್ತುವಾಗ ಅವನು ತೀರ್ಮಾನಿಸಿಕೊಂಡಿದ್ದ, ಕೇಳಿದರೆ ಹೇಳಿಬಿಡುವುದು. ಹೇಳಬೇಕಾದದ್ದು ಇಷ್ಟೇ. ಅವರ ಲೆಕ್ಕದ ಪದ್ಧತಿಯಲ್ಲಿ ಕಾಲ ಶುರುವಾಗುವುದು ಉದ್ಘಾಟನೆಯ ಮಾರನೆಯ ದಿನದಿಂದ. ಅದಕ್ಕೆ ಮುಂಚೆ, ಕಟ್ಟುವಷ್ಟು ವರ್ಷ, ಜನ ಎಲ್ಲಿ ಹೇಗೆ ಸಿಕ್ಕಿಕೊಂಡು ಎಷ್ಟು ಹೊತ್ತು ನಿಂತರೆಂಬುದನ್ನು ಯಾರೂ ಎಣಿಸುವುದಿಲ್ಲ. ಹೆರಿಗೆಯ ನೋವನ್ನು ಮಗುವಿನ ತೂಕದಲ್ಲಿ ಕಳೆಯುತ್ತಾರೇನ್ರೀ, ಎಂದು ಅವನ ನಿರ್ದೇಶಕರು ಒಮ್ಮೆ ಕೇಳಿದ್ದರು, ಹೆತ್ತವರ ಹಾಗೆ. ಇಂಟರ್‌ಚೇಂಜಿಗೆ ಆರು ವರ್ಷ. ಆರು ವರ್ಷ ಈ ಕೂಡುರಸ್ತೆ ಅಗೆದು ಬಿದ್ದಿರುತ್ತದೆ, ನಾಲ್ಕು ಸಾಲಿನ ದಾರಿ ಒಂದಾಗುತ್ತದೆ. ಹೋದ ತಿಂಗಳು ಒಂದು ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಅವನು ಸುಮ್ಮನೆ, ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ನಾಲಿಗೆ ಹುಡುಕುವ ಹಾಗೆ, ಆ ಆರು ವರ್ಷವನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿದ. ಇಂಟರ್‌ಚೇಂಜು ಮುಳುಗಿಹೋಯಿತು. ಅದು ಉಳಿಸುವ ನಿಮಿಷಗಳನ್ನು ಅದನ್ನು ಕಟ್ಟುವ ಕೆಲಸವೇ ತಿಂದು ತೇಗುತ್ತಿತ್ತು. ಮನೆಗಳ ಯೋಜನೆ ಯಾವ ರಸ್ತೆಯನ್ನೂ ಮುಟ್ಟುತ್ತಿರಲಿಲ್ಲ, ಅಷ್ಟು ಜನ ಆಸ್ಪತ್ರೆಗೆ ನಡೆದುಕೊಂಡೇ ಹೋದರೆ ಈ ಕೂಡುರಸ್ತೆಯ ಸಾಲು ತಾನಾಗಿ ಕರಗುತ್ತಿತ್ತು. ಲೆಕ್ಕಗಾರನಾಗಿ ಅವನಿಗೆ ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ಇನ್ನೊಂದು ಬಂತು, ಅದು ಬಂದದ್ದು ಬೇರೆ ಬಾಗಿಲಿನಿಂದ: ಆರು ವರ್ಷ. ಬಸ್ಸು ಈಗಿನದಕ್ಕೆ ಎರಡು ಪಾಲು ಹೊತ್ತು ನಿಲ್ಲುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಷ್ಟರಲ್ಲಿ ಅವನಿಗೆ ನಿವೃತ್ತಿಯ ವಯಸ್ಸು ಬಂದಿರುತ್ತದೆ. ಅಲ್ಲಿಯ ತನಕ ಅವಳು ಪಕ್ಕದಲ್ಲಿ ಕೂತು ಹಣ್ಣು ಸುಲಿಯುತ್ತಿರುತ್ತಾಳೆ. ಕಂಪ್ಯೂಟರಿನ ಮುಂದೆ ಒಬ್ಬನೇ ಕೂತು ಅವನು ನಗುತ್ತಿದ್ದ, ಕಸ ಗುಡಿಸುವವಳು ಬಾಗಿಲಲ್ಲಿ ನಿಂತು, "ಏನ್ಸಾರ್, ಪ್ರಮೋಶನ್ನಾ?" ಎಂದಾಗಲೇ ಅವನಿಗೆ ಅದು ತಿಳಿದದ್ದು. ಲೆಕ್ಕವನ್ನು ಉಳಿಸದೆ ಮುಚ್ಚಿದ.

ಸಭೆಯ ಕೋಣೆಯಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಇಂಟರ್‌ಚೇಂಜನ್ನು ಆಕಾಶದಿಂದ ಬರೆದಿದ್ದರು, ಮನೆಗಳನ್ನು ನೆಲದಿಂದ. ಆಕಾಶದ್ದೇ ಚೆನ್ನಾಗಿತ್ತು. ನಿರ್ದೇಶಕರು ಹೊಸ ಕೋಟು ಹಾಕಿದ್ದರು, ಅವರ ಕತ್ತಿನ ಹಿಂದೆ ಅದರ ಬೆಲೆಚೀಟಿಯ ದಾರ ಇನ್ನೂ ಇಣುಕುತ್ತಿತ್ತು. ಅದನ್ನು ಹೇಳುವುದೋ ಬೇಡವೋ ಎಂಬ ಚಿಂತೆಯಲ್ಲಿ ಅವನಿಗೆ ಅರ್ಧ ಭಾಷಣ ಕೇಳಿಸಲೇ ಇಲ್ಲ. ಮೇಜಿನ ಸುತ್ತ ಸಮಿತಿಯವರು, ಅವನು ಗೋಡೆಗೆ ತಾಗಿದ ಕುರ್ಚಿಯಲ್ಲಿ. ಕೇಳಿದರೆ ಮಾತ್ರ ಬಾಯಿಬಿಡಬೇಕಾದವರ ಸಾಲು ಅದು. ಒಬ್ಬರು ಬೊಜ್ಜಿನ ಸದಸ್ಯರು, ಮನೆ ಕಟ್ಟಿಸಿಕೊಡೋದು ಸರ್ಕಾರದ ಕೆಲಸವಾ ಎಂದರು. ಇನ್ನೊಬ್ಬರು, ರೈಲು ಹತ್ತೋರು ಯಾರು ಈ ಕಾಲದಲ್ಲಿ ಎಂದರು. ಅವರೆಲ್ಲ ಕಾರಿನಲ್ಲಿ ಬಂದವರು, ಕೂಡುರಸ್ತೆಯಲ್ಲಿ ಸಿಕ್ಕಿಕೊಂಡ ಸಿಟ್ಟು ಇನ್ನೂ ಮುಖದಲ್ಲೇ ಇತ್ತು. ತಾನು ಅದೇ ಹೊತ್ತಿಗೆ ಅಲ್ಲಿ ಸುಖವಾಗಿದ್ದೆನಲ್ಲ ಎಂದು ಅವನಿಗೆ ನೆನಪಾಗಿ, ಕದ್ದ ಪದಾರ್ಥ ಜೇಬಿನಲ್ಲಿದ್ದವನಂತೆ ಕೂತ ಕಡೆಯೇ ಸರಿದಾಡಿದ. ಕಿತ್ತಳೆಯ ವಾಸನೆ ಅವನ ಬೆರಳಿನಿಂದ ಇನ್ನೂ ಹೋಗಿರಲಿಲ್ಲ.

ಆಗ ಕನ್ನಡಕದ ಸದಸ್ಯೆ ಕೈಯೆತ್ತಿದರು. ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಸಮಿತಿಯಲ್ಲಿ ಅವರ ಮಾತಿಗೆ ಎರಡು ಬಣದವರೂ ತಲೆಬಾಗುತ್ತಿದ್ದರು. "ನನಗೊಂದು ಅರ್ಥ ಆಗ್ಲಿಲ್ಲ," ಎಂದರು. "ಇದು ಮುಗಿದ ಮೇಲೆ ಎಷ್ಟು ಹೊತ್ತು ಉಳಿಯುತ್ತೆ ಅಂತ ಹೇಳಿದ್ರಿ, ಸರಿ. ಕಟ್ಟುವಷ್ಟು ವರ್ಷ ಜನ ಏನ್ ಮಾಡ್ತಾರೆ? ಆ ಲೆಕ್ಕ ಎಲ್ಲಿದೆ?"

ನಿರ್ದೇಶಕರು ಗೋಡೆಯ ಕಡೆ ತಿರುಗಿದರು. "ಅದನ್ನ ನಮ್ಮ ನಿಮಿಷಪ್ಪನವರು ಹೇಳ್ತಾರೆ," ಎಂದರು. ಮೇಜಿನ ಸುತ್ತ ನಗು ಎದ್ದಿತು. ಯಾರೋ, "ಒಂದೇ ನಿಮಿಷದಲ್ಲಿ ಹೇಳಿ ಮತ್ತೆ" ಎಂದರು, ಇನ್ನಷ್ಟು ನಕ್ಕರು. ಅವನು ಎದ್ದು ನಿಂತ. ನಗುವಿನಲ್ಲಿ ತಾನೂ ಸೇರಿಕೊಂಡದ್ದು ಅವನನ್ನು ಆಮೇಲೆ ಬಹಳ ನೋಯಿಸಿತು. ಕನ್ನಡಕದ ಸದಸ್ಯೆ ಮಾತ್ರ ನಗದೆ ಅವನನ್ನೇ ನೋಡುತ್ತಿದ್ದರು, ಉತ್ತರ ಗೊತ್ತಿರುವ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ. ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆರು ವರ್ಷ ಸೇರಿಸಿದರೆ ಇದು ನಿಲ್ಲುವುದಿಲ್ಲ ಮೇಡಂ. ಒಂದು ವಾಕ್ಯ. ಹೇಳಿದರೆ ಮನೆಗಳು ಏಳುತ್ತವೆ, ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಬರುತ್ತದೆ, ಮುದುಕಿ ಮಧ್ಯಾಹ್ನ ತಟ್ಟೆ ಇಟ್ಟುಕೊಂಡು ಮಗಳಿಗೆ ಕಾಯುತ್ತಾಳೆ. ಬಸ್ಸಿನಲ್ಲಿ ಸೀಟು ಖಾಲಿ. ಅವನು ಬ್ಯಾಗು ತೆಗೆಯುತ್ತಾನೆ, ಯಾರೋ ಒಬ್ಬರು ಬಂದು ಕೂರುತ್ತಾರೆ, ಅವರ ಮೊಣಕೈ ಅವನ ಪಕ್ಕೆಗೆ ತಾಗುತ್ತದೆ. ಕಾಯುವ ಒಂದು ನಿಮಿಷವನ್ನು ಎರಡೆಂದು ಎಣಿಸಬೇಕು, ಅದು ಅವನ ವಿದ್ಯೆಯ ಇನ್ನೊಂದು ನಿಯಮ. ಆದರೆ ಅದು ಬಸ್ಸಿಗೆ ಕಾಯುವವರಿಗೆ ಮಾತ್ರ, ಮನೆಯಲ್ಲಿ ಕೂತು ಕಾಯುವವರ ನಿಮಿಷಕ್ಕೆ ಯಾವ ನಿಯಮವೂ ಇಲ್ಲ. ಮುದುಕಿಯ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ. ಅವನು ಆಕೆಯನ್ನು ಕಂಡಿರಲಿಲ್ಲ, ಮುಖ ಬರಲಿಲ್ಲ. ಬಂದದ್ದು ಹಣ್ಣು ಸುಲಿಯುವ ಕೈ.

"ಪದ್ಧತಿಯ ಪ್ರಕಾರ ಅದನ್ನ ಲೆಕ್ಕಕ್ಕೆ ತಗೊಳ್ಳೋದಿಲ್ಲ ಮೇಡಂ," ಎಂದ.

"ತಗೊಳ್ಳೋದಿಲ್ಲ, ಸರಿ. ತಗೊಂಡ್ರೆ?"

"ಹೆಚ್ಚು ವ್ಯತ್ಯಾಸ ಆಗಲಾರದು."

ಸುಳ್ಳನ್ನು ಅವನು ಹೇಳಿದ್ದಲ್ಲ, ಅದು ತಾನಾಗಿ ಬಂತು, ಬಹಳ ವಿನಯದಿಂದ ಬಂತು. ಕನ್ನಡಕದ ಸದಸ್ಯೆ ಏನೋ ನೆನಪಾಗದವರಂತೆ ತಲೆಯಾಡಿಸಿ, ಮುಂದಿದ್ದ ನೀರು ಕುಡಿದರು. ಆಮೇಲೆ ಕೈಗಳೆದ್ದವು. ಅವರದೂ ಎದ್ದಿತು.

ನಿರ್ದೇಶಕರು ಹೊರಗೆ ಕಾರಿಡಾರಿನಲ್ಲಿ ಅವನ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಎರಡನ್ನೂ ಉಳಿಸಿದ್ರಿ ಕಣ್ರೀ. ಒಳ್ಳೇ ಮನುಷ್ಯ ನೀವು." ಅವರು ತಿರುಗಿ ಹೋಗುವಾಗ ಬೆಲೆಚೀಟಿಯ ದಾರ ಕಾಲರಿನ ಮೇಲೆ ಕುಣಿಯುತ್ತಿತ್ತು. ಅವನು ಶೌಚಾಲಯಕ್ಕೆ ಹೋಗಿ ಕೈ ತೊಳೆದ, ಇನ್ನೊಮ್ಮೆ ತೊಳೆದ. ಕನ್ನಡಿಯಲ್ಲಿ ಕಂಡವನು ಅಷ್ಟೇನೂ ಕೆಟ್ಟವನಂತೆ ಕಾಣಲಿಲ್ಲ. ಅವನಿಗೆ ತನ್ನ ಮೇಲೆ ಹೇಸಿಗೆಯಾಗಬೇಕಿತ್ತು, ಆಗುತ್ತಲೂ ಇತ್ತು, ಆದರೆ ಅದರಡಿಯಲ್ಲಿ ಬೆಳಗಿನಿಂದ ಹಿಡಿದಿದ್ದ ಒಂದು ಬಿಗಿ ಸಡಿಲವಾಗಿ ಮೈಯೆಲ್ಲ ಹಗುರಾಗಿತ್ತು. ಬೇಕು ಎಂದು ಒಂದನ್ನು ಅವನು ಬದುಕಿನಲ್ಲಿ ಎಂದೂ ಕೈಚಾಚಿ ತೆಗೆದುಕೊಂಡವನಲ್ಲ. ಅಪ್ಪನ ಆಸ್ತಿಯ ಪಾಲನ್ನೂ ಅಕ್ಕನಿಗೇ ಬಿಟ್ಟಿದ್ದ. ಓದುವಾಗ ಒಬ್ಬಳು ಮೆಟ್ಟಿಲ ಮೇಲೆ ಇವನಿಗಾಗಿ ನಿಂತಿದ್ದಾಳೆಂದು ಗೊತ್ತಿದ್ದೂ ಹಿಂಬಾಗಿಲಿನಿಂದ ಹೋಗಿದ್ದ. ಈಗ ಆರು ವರ್ಷ ತೆಗೆದುಕೊಂಡಿದ್ದ. ಅವಳಿಗೆ ಬೇಜಾರಾಗುತ್ತದೆ, ಒಂದು ವಾರ, ಎರಡು ವಾರ. ನಾನೇ ಸಮಾಧಾನ ಮಾಡುತ್ತೇನೆ ಎಂದುಕೊಂಡ. ಅವಳಿಗೆ ಸಮಾಧಾನ ಹೇಳುವ ತನ್ನ ದನಿ ಹೇಗಿರುತ್ತದೆಂದು ಮಧ್ಯಾಹ್ನವೆಲ್ಲ ಒಳಗೊಳಗೇ ಕೇಳಿಕೊಂಡ. ಸಂಜೆ ಕಚೇರಿಯ ಕೆಳಗಿನ ಅಂಗಡಿಯಲ್ಲಿ ತಾನೇ ಕಿತ್ತಳೆ ಕೊಂಡ, ಒಳ್ಳೆಯವನ್ನು ಆರಿಸಿ ಆರಿಸಿ. ಅಂಗಡಿಯವನು, "ಹೆಣ್ಣು ನೋಡೋಕೆ ಹೊರಟಿದೀರಾ ಸಾರ್, ಇಷ್ಟು ಆರಿಸ್ತಿದೀರಿ" ಎಂದ. ಅವನು ಕಿವಿಯ ತನಕ ಕೆಂಪಾದ.

ಆಸ್ಪತ್ರೆಯ ಸ್ಟಾಪಿನಲ್ಲಿ ಅವಳು ಹತ್ತಿದಳು. ಬ್ಯಾಗು ಸರಿಸಿದ, ಅವಳು ಕೂತಳು. ಏನೂ ಮಾತಾಡಲಿಲ್ಲ. ಬಸ್ಸು ಚಲಿಸುತ್ತಿತ್ತು, ಹಾಗಾಗಿ ಅದರಲ್ಲಿ ವಿಶೇಷವಿರಲಿಲ್ಲ. ಅವಳ ತೋಳಿನ ಮೇಲೆ ಬಿಳಿಯ ಹನಿಗಳು ಒಣಗಿದ್ದವು, ಇವತ್ತು ಒರೆಸಿಕೊಂಡಿರಲಿಲ್ಲ. ಕೂಡುರಸ್ತೆ ಬಂತು. ಎಂಜಿನ್ನು ಆರಿತು.

"ಯಾರೋ ಫೋನಲ್ಲಿ ತೋರಿಸಿದ್ರು," ಎಂದಳು. "ಆರು ವರ್ಷವಂತೆ."

"ಹೂಂ."

"ಅಷ್ಟು ದಿನ ಈ ರಸ್ತೆ ಹೆಂಗಿರುತ್ತೆ?"

ಸಮಾಧಾನದ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು. ಆದರೆ ಅವಳು ಕೇಳಿದ್ದು ಅವನ ವಿದ್ಯೆಯ ಪ್ರಶ್ನೆ, ಅದಕ್ಕೆ ಅವನ ಬಾಯಿ ತಾನಾಗಿ ನಿಜ ಹೇಳಿತು. "ಇದಕ್ಕಿಂತ ಕಷ್ಟ. ಎರಡು ಪಾಲು ಹೊತ್ತು ಹಿಡೀಬಹುದು."

"ಅಲ್ಲಿ ಯಾರಿಗೂ ಅದು ಹೊಳೀಲಿಲ್ವಾ?"

"ಒಬ್ಬರು ಕೇಳಿದ್ರು. ನನ್ನನ್ನೇ ಕೇಳಿದ್ರು."

ಅವಳು ತಿರುಗಿದಳು. "ಏನಂದ್ರಿ?"

"ವ್ಯತ್ಯಾಸ ಆಗಲ್ಲ ಅಂದೆ."

ಮುಂದಿನ ಸೀಟಿನಲ್ಲಿ ಒಂದು ಮಗು ಹಿಂದೆ ತಿರುಗಿ ಇಬ್ಬರನ್ನೂ ನೋಡುತ್ತಿತ್ತು. ಅದರ ತಾಯಿ ಅದನ್ನು ಎಳೆದು ಕೂರಿಸಿಕೊಂಡಳು. ಪಕ್ಕದಲ್ಲಿದ್ದವಳು ಸಿಟ್ಟಿಲ್ಲದೆ, ಪೆಟ್ಟಾದ ಜಾಗ ಯಾವುದೆಂದು ಒತ್ತಿ ಒತ್ತಿ ಹುಡುಕುವವಳ ಹಾಗೆ ಕೇಳಿದಳು. "ಅದು ನಿಜವಾ?"

"ಅಲ್ಲ."

"ಮತ್ಯಾಕೆ?"

"ಈ ಬಸ್ಸು ನಿಲ್ಲೋದು ನನಗೆ ಬೇಕಾಗಿತ್ತು," ಎಂದ. ದನಿ ಅವನು ಮಧ್ಯಾಹ್ನ ಕೇಳಿಕೊಂಡದ್ದಾಗಿರಲಿಲ್ಲ. "ನೀವು ಇಲ್ಲಿ ಕೂರೋದು. ಅದು ಬಿಟ್ರೆ ನನಗೇನೂ ಇಲ್ಲ. ಇಡೀ ದಿನದಲ್ಲಿ ಏನೂ ಇಲ್ಲ."

ಅವಳಿಗೆ ಅರ್ಥವಾಯಿತು. ಅರ್ಥವಾಗಲಿಕ್ಕೆ ಕಷ್ಟವೇನೂ ಪಡಲಿಲ್ಲ, ಅವಳಿಗೆ ಇದು ಮೊದಲೇ ಸುಮಾರಾಗಿ ಗೊತ್ತಿತ್ತೆಂದು ಅವನಿಗೆ ಆಗ ಕಂಡಿತು. ಅವಳು ತನ್ನ ತೋಳಿನ ಮೇಲಿನ ಬಿಳಿಯ ಹನಿಯೊಂದನ್ನು ಉಗುರಿನಿಂದ ಕೆರೆದಳು.

"ಇಲ್ಲಿ ಬಸ್ಸು ನಿಂತಾಗೆಲ್ಲ ನಂಗೆ ಅಮ್ಮ ಬಿದ್ದಿರ್ತಾಳೆ ಅನ್ಸುತ್ತೆ," ಎಂದಳು. "ದಿನಾ. ಬಾತ್‌ರೂಮಲ್ಲಿ, ಇಲ್ಲಾಂದ್ರೆ ಹೊಸ್ತಿಲ ಹತ್ರ. ಬಾಯಿ ಮುಚ್ಚಿಕೊಂಡು ಕೂತ್ರೆ ಅದೇ ಕಣ್ಣೆದುರು ಬರುತ್ತೆ. ಅದಕ್ಕೇ ಏನಾದ್ರೂ ಮಾತಾಡ್ತಾ ಇರ್ತಿದ್ದೆ. ಕೇಳೋಕೆ ನೀವೊಬ್ರು ಇದ್ರಿ. ಪುಣ್ಯಾತ್ಮ ಅಂದ್ಕೊಂಡಿದ್ದೆ."

"ನಂಗೆ ಗೊತ್ತಿರ್ಲಿಲ್ಲ."

"ಹೆಂಗೆ ಗೊತ್ತಾಗುತ್ತೆ, ನಾನು ಹೇಳಿದ್ರೆ ತಾನೇ." ಅವಳು ಬ್ಯಾಗಿನ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಂಡಳು. "ನಮ್ಮ ಮನೆ ಹತ್ರದ ಕ್ಲಿನಿಕ್ಕಿನವರು ಎರಡು ವರ್ಷದಿಂದ ಕರೀತಿದಾರೆ. ಮನೆ ಸಿಗುತ್ತಲ್ಲ, ಆಸ್ಪತ್ರೆ ಯಾಕೆ ಬಿಡೋದು ಅಂತ ತಳ್ತಾ ಬಂದಿದ್ದೆ. ನಾಳೆ ಹೋಗಿ ಹೂಂ ಅಂತೀನಿ. ಆರು ವರ್ಷ ನನ್ನ ಕೈಲಾಗಲ್ಲ, ಸಾರ್."

ಸರ್ವೇ ಎಂಬುದನ್ನು ಅವಳು ಬಿಟ್ಟಿದ್ದಳು. ಎದ್ದು ನಿಂತಳು. ಬಸ್ಸು ಇನ್ನೂ ನಿಂತೇ ಇತ್ತು, ಕೂಡುರಸ್ತೆಯ ಆ ಕಡೆಯ ತನಕ ಕೆಂಪು ದೀಪಗಳು. ಕಂಬಿ ಹಿಡಿದು ಒಂದು ಗಳಿಗೆ ಅವನ ತಲೆಯ ಮೇಲಿಂದ ಹೊರಗೆ ನೋಡಿದಳು.

"ಮನೆ ಸಿಕ್ಕ ಮೊದಲ ಭಾನುವಾರ ನಿಮ್ಮನ್ನ ಊಟಕ್ಕೆ ಕರೀಬೇಕು ಅಂತ ಅಮ್ಮನಿಗೆ ಹೇಳಿಟ್ಟಿದ್ದೆ," ಎಂದಳು. "ಆಮೇಲೂ ಭಾನುವಾರಗಳು ಬರ್ತಿದ್ವಲ್ಲ."

ಅವಳು ಮುಂದೆ ಹೋಗಿ ಡ್ರೈವರಿಗೆ ಏನೋ ಹೇಳಿದಳು. ಬಾಗಿಲು ಉಸಿರು ಬಿಟ್ಟು ತೆರೆಯಿತು, ಅವಳು ಇಳಿದಳು. ನಿಂತ ವಾಹನಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ರಸ್ತೆಯ ಅಂಚಿಗೆ ಸೇರಿ, ಮನೆಯ ಕಡೆ ಬಿರಬಿರನೆ ನಡೆಯತೊಡಗಿದಳು. ನಡೆದುಕೊಂಡು ಹೋದರೆ ಬಸ್ಸಿಗಿಂತ ಬೇಗ ಹೋಗಬಹುದೆಂದು ಅವನಿಗೆ ಯಾವಾಗಲೂ ಗೊತ್ತಿತ್ತು. ಅವಳಿಗೂ ಗೊತ್ತಿದ್ದಿರಬೇಕು, ಆದರೂ ಮೂರು ವರ್ಷ ಕೂತಿದ್ದಳು. ಭಾನುವಾರಗಳು. ಅವಳು ಅಡುಗೆಮನೆಯಲ್ಲಿ, ಮುದುಕಿ ಹೊಸ್ತಿಲ ಬಳಿ ಕುರ್ಚಿಯಲ್ಲಿ, ಅವನು ಚಪ್ಪಲಿ ಬಿಡುತ್ತಿರುವುದು. ನಿಲ್ಲುವ ಬಸ್ಸಾಗಲಿ, ಸಿಕ್ಕಿಕೊಂಡ ರಸ್ತೆಯಾಗಲಿ ಇಲ್ಲದೆ ಇಬ್ಬರು ಒಂದು ಕಡೆ ಕೂರಬಹುದೆಂಬುದು ಅಷ್ಟು ವರ್ಷ ಲೆಕ್ಕ ಹಾಕಿದವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಅವನಿಗೆ ಅಳು ಬಂತು, ಬಸ್ಸಿನಲ್ಲಿ, ಎಲ್ಲರ ಮುಂದೆ.

ಆಗ ಏನಾಯಿತೋ, ಮುಂದೆ ಎಲ್ಲೋ ಒಂದು ಗಂಟು ಬಿಚ್ಚಿಕೊಂಡಿತು. ಕೆಂಪು ದೀಪಗಳು ಒಂದೊಂದಾಗಿ ಆರಿದವು. ಬಸ್ಸು ಗುರುಗುಟ್ಟಿ ಹೊರಟಿತು, ಎಂದೂ ಇಲ್ಲದ ವೇಗದಲ್ಲಿ, ಜನ ಖುಷಿಯಿಂದ ಕಂಬಿ ಹಿಡಿದುಕೊಂಡರು. ಕಿಟಕಿಯಲ್ಲಿ ಅವಳು ಬಂದಳು, ತಲೆ ತಗ್ಗಿಸಿ, ಒಂದು ಕೈಯಲ್ಲಿ ಬ್ಯಾಗನ್ನು ಪಕ್ಕೆಗೆ ಒತ್ತಿಕೊಂಡು, ಹೆಚ್ಚುಕಡಿಮೆ ಓಡುತ್ತಿದ್ದಳು. ಅವನು ಗಾಜು ಬಡಿದ. ಅವಳು ನೋಡಲಿಲ್ಲ, ಹಿಂದಾದಳು. ಅವನು ಎದ್ದು, ಯಾರದೋ ಕಾಲು ತುಳಿದು, ಬೈಸಿಕೊಂಡು, ಡ್ರೈವರಿನ ಬೆನ್ನ ತನಕ ಹೋಗಿ ನಿಂತ.

"ನಿಲ್ಸಿ. ಒಂದ್ನಿಮಿಷ ನಿಲ್ಸಿ."

"ಇಲ್ಲೆಲ್ಲ ನಿಲ್ಸೋಕಾಗಲ್ಲ ಸಾರ್," ಎಂದ ಡ್ರೈವರು, ಹಿಂದೆ ತಿರುಗದೆ. "ರೋಡು ಬಿಟ್ಟಿದೆ."